ನಲವತ್ತು ಮುಚ್ಚಳ

ಹುಮನಾಬಾದಿನ ನಮ್ಮ ಮನೆಗೆ ಎರಡು ಬಾಗಿಲುಗಳಿದ್ದವು. ಹೆದ್ದಾರಿಯ ಕಡೆಗಿದ್ದದ್ದು ಅಪ್ಪನದು, ಹಿಂದಿನ ಓಣಿಯ ಕಡೆಗಿದ್ದದ್ದು ಅವ್ವನದು. ಅಪ್ಪನ ಬಾಗಿಲಲ್ಲಿ ಪಂಕ್ಚರ್ ಅಂಗಡಿ. ಅಲ್ಲಿ ಟ್ಯೂಬು ಮುಳುಗಿಸಿ ತೂತು ಹುಡುಕುವ ನೀರಿನ ಬಾನಿ, ಗಾಳಿ ಹಾಕುವ ಪಂಪು, ಗೋಡೆಯ ಗೂಟಗಳಿಗೆ ಜೋತುಬಿಟ್ಟ ಹಳೆಯ ಟ್ಯೂಬುಗಳು ಇದ್ದವು. ಹೈದರಾಬಾದಿನ ಕಡೆ ಹೋಗುವ ಲಾರಿಗಳ ಹಾರ್ನು ದಿನವಿಡೀ ಕಿವಿಗೆ ಹೊಡೆಯುತ್ತಿತ್ತು. ಅವ್ವನ ಬಾಗಿಲಲ್ಲಿ ಅಡುಗೆಮನೆ. ಎರಡು ಒಲೆ, ಒಂದು ನೆಲುವು, ಗೋಡೆಗುಂಟ ಉಪ್ಪಿನಕಾಯಿಯ ಬರಣಿಗಳು. ಇವೆರಡರ ನಡುವೆ ಒಂದು ಕತ್ತಲೆಯ ಕೋಣೆ. ಅಲ್ಲಿ ಮಂಚ, ಟ್ರಂಕು, ಜೋಳದ ಚೀಲ, ಮಂಚದ ಕೆಳಗೆ ಅವ್ವ ಜೋಡಿಸಿಟ್ಟ ಗಾಜಿನ ಬಾಟ್ಲಿಗಳು. ಒಲೆಯಿಂದ ಅಂಗಡಿಯ ಹೊಸ್ತಿಲಿಗೆ ನನ್ನ ಕಾಲಳತೆಯಲ್ಲಿ ಹತ್ತೊಂಬತ್ತು ಹೆಜ್ಜೆ. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು. ಆದರೆ ಇಂದಿಗೂ ಕಣ್ಣುಮುಚ್ಚಿ ಆ ಹತ್ತೊಂಬತ್ತು ಹೆಜ್ಜೆ ನಡೆಯಬಲ್ಲೆ. ನನಗೆ ಹನ್ನೊಂದು ವರ್ಷವಿದ್ದಾಗ ಒಂದು ಇಡೀ ಬೇಸಿಗೆಯನ್ನು ಅದನ್ನು ನಡೆಯುವುದರಲ್ಲೇ ಕಳೆದಿದ್ದೇನೆ.

ನಮ್ಮ ಮನೆಯಲ್ಲಿ ಬಾಟ್ಲಿಗೆ ಇದ್ದ ಮರ್ಯಾದೆ ಬೆಳ್ಳಿಗೂ ಇರಲಿಲ್ಲ. ಬೆಳ್ಳಿ ಇರಲೂ ಇಲ್ಲ ಅನ್ನಿ. ಕಾಫಿಪುಡಿಯ ಬಾಟ್ಲಿ, ಜೇನಿನ ಬಾಟ್ಲಿ, ಹಾಲಿಗೆ ಹಾಕುವ ಪುಡಿಯ ಅಗಲ ಬಾಯಿಯ ಬಾಟ್ಲಿ, ಯಾರ ಮನೆಯಲ್ಲಿ ಖಾಲಿಯಾದರೂ ಅದು ಅವ್ವನ ಕೈಗೆ ಬರುತ್ತಿತ್ತು. ಬೂದಿ ಹಾಕಿ ತಿಕ್ಕಿ, ಕುದಿನೀರಿನಲ್ಲಿ ಅದ್ದಿ, ಎರಡು ದಿನ ಬಿಸಿಲಿಗೆ ಬೋರಲು ಹಾಕಿ, ಮಂಚದ ಕೆಳಗೆ ಸೇರಿಸುತ್ತಿದ್ದಳು. ಮುಚ್ಚಳ ಮಾತ್ರ ಬೇರೆ ಇಡುತ್ತಿದ್ದಳು. ಖಾಲಿ ಬಾಟ್ಲಿಗೆ ಮುಚ್ಚಳ ಬಿಗಿದಿಟ್ಟರೆ ಒಳಗೆ ಮುಗ್ಗಲು ವಾಸನೆ ಹಿಡಿಯುತ್ತದೆ ಎಂದು. ಅಡುಗೆಮನೆಯಲ್ಲಿ ಜಾಗವಿಲ್ಲದ್ದಕ್ಕೆ ಮುಚ್ಚಳಗಳ ತಗಡಿನ ಡಬ್ಬಿ ಅಂಗಡಿಯ ಕೆಳಗಿನ ಹಲಗೆಯ ಮೇಲೆ, ಅಪ್ಪನ ನಟ್ಟು ತಿರುಗಿಸುವ ಪಾನಾಗಳ ಪಕ್ಕದಲ್ಲಿ ಇರುತ್ತಿತ್ತು. ಬಿಡುವಿದ್ದಾಗ ಅವ್ವ ಅದನ್ನು ಚಾಪೆಯ ಮೇಲೆ ಸುರಿದುಕೊಂಡು ಕೂರುತ್ತಿದ್ದಳು. ಒಂದೊಂದನ್ನೇ ಬಾಟ್ಲಿಯ ಬಾಯಿಗೆ ತಿರುಗಿಸಿ ನೋಡಿ, ಸರಿಯಾಗಿ ಕೂತದ್ದಕ್ಕೆ ಒಳಗಡೆ ಸುಣ್ಣದಿಂದ ಗುರುತು ಹಾಕುತ್ತಿದ್ದಳು. ಹುಲಸೂರಿನ ತವರಿನಿಂದ ಬರುವಾಗ ತಂದ ನಾಲ್ಕು ಮುಚ್ಚಳಗಳೂ ಅದರಲ್ಲಿದ್ದವು. ಯಾವ ಮುಚ್ಚಳ ಯಾರ ಮನೆಯದು, ಯಾವ ವರ್ಷದ್ದು, ಎಲ್ಲ ಅವಳಿಗೆ ನೆನಪು.

ಅವ್ವನ ಕೈಯ ಗುಳಂಬ ಓಣಿಯಲ್ಲೆಲ್ಲ ಹೆಸರಾಗಿತ್ತು. ಅರೆ ಹಣ್ಣಾದ ಮಾವಿನಕಾಯಿಯನ್ನು ತುರಿದು, ಬೆಲ್ಲ ಹಾಕಿ, ಸಣ್ಣ ಉರಿಯಲ್ಲಿ ಪಾಕ ಎಳೆಎಳೆಯಾಗುವವರೆಗೆ ಕೈಯಾಡಿಸಿ, ಏಲಕ್ಕಿ ಲವಂಗದ ಪುಡಿ ಉದುರಿಸಿ ಇಳಿಸಿದರೆ ಅದು ಜೇನಿನ ಬಣ್ಣಕ್ಕೆ ಬರುತ್ತಿತ್ತು. ಬಾಯಿ ಬಿಗಿಯಾಗಿದ್ದರೆ ವರ್ಷವಾದರೂ ಕೆಡುವುದಿಲ್ಲ. ಒಂದು ಮದುವೆಯಲ್ಲಿ ಅದನ್ನು ತಿಂದ ಗಂಗಾಬಾಯಿ ಎನ್ನುವವರು ನಮ್ಮ ಮನೆ ಹುಡುಕಿಕೊಂಡು ಬಂದರು. ಬಸವಕಲ್ಯಾಣದಲ್ಲಿ ಅವರದು ಖಾನಾವಳಿ. ಶರಣರ ಗವಿಗಳನ್ನು ನೋಡಲು ಬಂದವರು ಅಲ್ಲಿ ಊಟ ಮಾಡಿ, ಊರಿಗೆ ಒಯ್ಯಲು ಏನಾದರೂ ಕೇಳುತ್ತಿದ್ದರಂತೆ.

"ನಲವತ್ತು ಬಾಟ್ಲಿ ಮಾಡಿಕೊಡ್ರಿ ಅಕ್ಕಾ. ಆದ್ರ ಒಂದ್ ಮಾತು, ಬಸ್ಸಿನ್ಯಾಗ ಚೀಲದಾಗ ಇಟ್ಟುಕೊಂಡು ಹೋಗೋರು. ಒಂದ್ ಹನಿನೂ ಸೋರಬಾರದು ನೋಡ್ರಿ."

"ಸೋರಂಗಿಲ್ರಿ. ನನ್ ಕಡೆ ಮುಚ್ಚಳ ಅದಾವ," ಎಂದಳು ಅವ್ವ. ಹಾಗನ್ನುವಾಗ ಅವಳ ಮುಖದಲ್ಲಿ ಬೆಳಕು ಬಂದದ್ದು ನನಗೆ ನೆನಪಿದೆ. ಮನೆಯ ಹೊರಗಿನವರೊಬ್ಬರು ಅವಳನ್ನು ಅವಳ ಕೆಲಸಕ್ಕಾಗಿ ಹುಡುಕಿಕೊಂಡು ಬಂದದ್ದು ಅದೇ ಮೊದಲು.

ಅವರನ್ನು ಬಸ್ಸು ಹತ್ತಿಸಿ ಬಂದು ಅವ್ವ ನೇರವಾಗಿ ಅಂಗಡಿಯ ಹಲಗೆಗೆ ಕೈ ಹಾಕಿದಳು. ಡಬ್ಬಿ ಇರಲಿಲ್ಲ. ಎರಡು ದಿನದ ಹಿಂದೆ ಹಳೆಯ ಕಬ್ಬಿಣ, ತಗಡು ಕೊಳ್ಳುವ ಭಂಗಾರದವನು ಬಂದಿದ್ದಾಗ ಅಪ್ಪ ತುಕ್ಕು ಹಿಡಿದ ರಿಮ್ಮುಗಳ ಜೊತೆಗೆ ಅದನ್ನೂ ಹಾಕಿಬಿಟ್ಟಿದ್ದ. ಅಪ್ಪ ಕೆಟ್ಟವನಲ್ಲ. ಅವನ ಕಣ್ಣಿಗೆ ಅದು ಸವೆದ ತಗಡು, ಅಷ್ಟೇ. ಅವ್ವ ಕೇಳಿದಾಗ ಟ್ಯೂಬಿಗೆ ಉಸುಕಿನ ಕಾಗದ ಉಜ್ಜುತ್ತಲೇ, ತಲೆ ಎತ್ತದೆ ಹೇಳಿದ:

"ಬರೇ ಮುಚ್ಚಳ ಅಲ್ಲೇನು?"

ಅವ್ವ ತಿರುಗಿದಳು. ಒಳಗೆ ಬಂದಳು. ಅಂದಿನಿಂದ ಅವಳು ಅಪ್ಪನೊಡನೆ ಮಾತು ಬಿಟ್ಟಳು. ನಮ್ಮ ಕಡೆ ಇದಕ್ಕೆ ಅಬೋಲಾ ಎನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಮುನಿಸು ಎರಡು ದಿನದ್ದು, ಅಬೋಲಾಕ್ಕೆ ಮಾತ್ರ ಲೆಕ್ಕವಿಲ್ಲ. ಒಲೆ ಹೊತ್ತುತ್ತದೆ, ರೊಟ್ಟಿ ಬೇಯುತ್ತದೆ, ಬಟ್ಟೆ ಒಗೆದಾಗುತ್ತದೆ. ಮಾತು ಮಾತ್ರ ಇರುವುದಿಲ್ಲ. ಮೊದಲೆರಡು ದಿನ ಅಪ್ಪನೇ ಏನೇನೋ ಕೇಳಿದ. ಅವ್ವ ಗೋಡೆಗೆ ಮುಖ ಮಾಡಿದಳು. ಮೂರನೆಯ ದಿನ ಅವನಿಗೂ ಸಿಟ್ಟು ಬಂದು ಅವನೂ ಮಾತು ಬಿಟ್ಟ. ಆಗ ಇಬ್ಬರಿಗೂ ನಾನೊಬ್ಬಳು ಬೇಕಾದೆ.

"ಕಲಾ, ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ತಾವ. ಉಣ್ಣೂದಿದ್ರ ಬಂದು ಉಣ್ಲಿ, ಇಲ್ಲಂದ್ರ ಓಣ್ಯಾಗಿನ ಎಮ್ಮಿಗೆ ಹಾಕ್ತೀನಿ."

ನಾನು ಹತ್ತೊಂಬತ್ತು ಹೆಜ್ಜೆ ನಡೆದು ಹೋದೆ. ಅಪ್ಪ ಟೈರಿನ ಮೇಲೆ ಬಗ್ಗಿದ್ದ, ಬೆನ್ನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಎಮ್ಮೆಯ ಮಾತು ಹೇಳಲು ಬಾಯಿ ಬರಲಿಲ್ಲ.

"ಅಪ್ಪಾ, ಅವ್ವ ಉಣ್ಣಾಕ ಕರಿಯಾಕತ್ಯಾಳ."

"ಕರಿಯಾಕತ್ಯಾಳೇನು?" ಅಪ್ಪ ತಕ್ಷಣ ಕೈ ತೊಳೆದುಕೊಂಡ. ಅವನು ಅಷ್ಟು ಬೇಗ ಎದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಹೀಗೆ ಶುರುವಾಯಿತು. ಆಮೇಲೆ ನನಗೆ ರುಚಿ ಹತ್ತಿತು. ಅಪ್ಪ "ಪಲ್ಯಾಕ್ಕ ಉಪ್ಪು ಕಮ್ಮಿ ಆಗ್ಯಾದಂತ ಹೇಳು" ಎಂದರೆ, ನಾನು ಅವ್ವನಿಗೆ "ಪಲ್ಯಾ ಛಲೋ ಆಗ್ಯಾದಂತ, ಜರಾ ಉಪ್ಪು ಬೇಕಂತ" ಎನ್ನುತ್ತಿದ್ದೆ. ಅವ್ವ "ಅಂಗಿ ಹರದದ, ಬೇಕಾದ್ರ ತಾನೇ ಹೊಲಕೊಳ್ಳಲಿ" ಎಂದರೆ, "ಅಂಗಿ ಕೊಡಂತ ಅಪ್ಪಾ, ಅವ್ವ ಹೊಲೀತಾಳಂತ" ಎಂದು ಹೇಳಿ, ಅಂಗಿಯನ್ನು ತಂದು ಅವ್ವನ ಮುಂದೆ ಇಟ್ಟು, "ನಿನಗ ಭಾಳ ತ್ರಾಸ ಆತು ಅಂದ ಅಪ್ಪ" ಎನ್ನುತ್ತಿದ್ದೆ. ಅವ್ವ ಅದನ್ನು ಕೈಗೆ ತೆಗೆದುಕೊಂಡು ಸೂಜಿ ಹುಡುಕುತ್ತಿದ್ದಳು. ಒಮ್ಮೆ ಬದನೆಕಾಯಿ ಎಣಗಾಯಿ ಮಾಡಿದ ದಿನ, ಯಾರೂ ಏನೂ ಹೇಳಿ ಕಳಿಸದಿದ್ದರೂ ನಾನಾಗಿಯೇ ಹೋಗಿ, "ನಿನಗಂತನೇ ಮಾಡ್ಯಾಳ" ಎಂದೆ. ಅಪ್ಪ ಅಂದು ಒಂದು ರೊಟ್ಟಿ ಹೆಚ್ಚು ತಿಂದ. ಹಸಿದವರಿಗೆ ಬಡಿಸುವಾಗ ಬರುವಂಥ ಸಂತೋಷ ನನಗೆ ಬರುತ್ತಿತ್ತು. ಅವರಿಬ್ಬರ ಮನೆಯನ್ನು ನಾನೇ ನಡೆಸುತ್ತಿದ್ದೇನೆ ಎಂಬ ಹಮ್ಮೂ ಇತ್ತು. ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ?

ಅಪ್ಪ ಬಾಯಿಂದ ತಪ್ಪಾಯಿತು ಎನ್ನಲಿಲ್ಲ. ಆ ಮಾತು ಅವನಿಗೆ ಬರುತ್ತಿರಲಿಲ್ಲ. ಆದರೆ ಒಂದು ಸಂಜೆ ಅಂಗಡಿ ಮುಚ್ಚಿ ಸೈಕಲ್ ಹತ್ತಿದವನು ಅಂಗಿಯ ಜೇಬು ತುಂಬ ಮುಚ್ಚಳ ತಂದ. ಭಂಗಾರದವನ ಕಡೆ ಹೋಗಿದ್ದನಂತೆ. ಅವ್ವನ ಡಬ್ಬಿ ಆಗಲೇ ಲಾರಿಗೆ ಹೋಗಿತ್ತು. ಸಿಕ್ಕವು ಬೇರೆ ಯಾರದೋ. ಆಮೇಲೆ ದಿನಾ ಹೋದ. ಔಷಧಿ ಅಂಗಡಿ, ಚಹಾದ ಅಂಗಡಿ, ದುಬಲಗುಂಡಿಯ ಗಿರಾಕಿಗಳ ಮನೆ, ಎಲ್ಲ ಕಡೆಯಿಂದ ಒಂದು ಎರಡು ತಂದ. ತಂದದ್ದನ್ನು ಮಂಚದ ಕೆಳಗಿನ ಬಾಟ್ಲಿಗಳಿಗೆ ತಿರುಗಿಸಿ ನೋಡಿ, ಕೂರುವುದನ್ನು ಇಟ್ಟುಕೊಂಡು, ಕೂರದ್ದನ್ನು ಮರುದಿನ ಒಯ್ದು ಬದಲಾಯಿಸುತ್ತಿದ್ದ. ಮಾತು ಬಿಟ್ಟ ಹೆಂಡತಿಯ ಮಂಚದ ಕೆಳಗೆ ಗಂಡ ಅಂಗಾತ ಮಲಗಿ ಮುಚ್ಚಳ ತಿರುಗಿಸುವುದನ್ನು ಅವ್ವ ಬಾಗಿಲಿನಿಂದ ನೋಡಿ, ಏನೂ ಕಾಣದವಳಂತೆ ಹಿಂದಕ್ಕೆ ಹೋಗುತ್ತಿದ್ದಳು. ಇಪ್ಪತ್ತು ದಿನದಲ್ಲಿ ನಲವತ್ತು ಸೇರಿದವು. ಉಸುಕಿನ ಕಾಗದದಿಂದ ತುಕ್ಕು ತಿಕ್ಕಿದ. ಆದರೆ ಹಳೆಯ ಮುಚ್ಚಳಗಳ ಒಳಗಿನ ರಟ್ಟು ಕೊಳೆತು ಹೋಗಿರುತ್ತದೆ. ಅದಿಲ್ಲದಿದ್ದರೆ ಎಷ್ಟು ಬಿಗಿದರೂ ಸೋರುತ್ತದೆ. ಅದಕ್ಕೆ ಅಪ್ಪ ತನಗೆ ಗೊತ್ತಿದ್ದ ಉಪಾಯ ಮಾಡಿದ. ಸೈಕಲ್ಲಿನ ಹಳೆಯ ಟ್ಯೂಬು ಸೀಳಿ, ಮುಚ್ಚಳದ ಅಳತೆಗೆ ದುಂಡಗೆ ಬಳೆ ಕತ್ತರಿಸಿ ಒಳಗೆ ಕೂರಿಸಿದ. ಮೊದಲು ಐದು ಮಾಡಿ, ಅಡುಗೆಮನೆಯ ಹೊಸ್ತಿಲ ಮೇಲೆ ಸಾಲಾಗಿ ಇಟ್ಟು ಹೋದ.

ಅವ್ವ ಅವನ್ನು ಸೆರಗಿನಿಂದ ಒರೆಸಿದಳು. ಒಂದು ಬಾಟ್ಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಒಣ ಬೂದಿಯ ಮೇಲೆ ಬೋರಲು ಹಾಕಿದಳು. ನಾವಿಬ್ಬರೂ ಕೂತು ಕಾದೆವು. ಬೂದಿಯ ಮೇಲೆ ಒಂದು ಚುಕ್ಕೆ ಒದ್ದೆಯೂ ಆಗಲಿಲ್ಲ. ಅವ್ವನ ಕಣ್ಣು ಅರಳಿತು. ಮುಚ್ಚಳ ತೆಗೆದು ನೀರು ಮೂಸಿದಳು. ಮತ್ತೊಮ್ಮೆ ಮೂಸಿದಳು.

"ನಿಮ್ಮಪ್ಪಗ ಹೇಳು, ಮುಚ್ಚಳ ಬರಾಬರ್ ಕೂಡ್ತಾವ, ಸೋರಂಗಿಲ್ಲ. ಆದ್ರ ಟ್ಯೂಬಿನ ವಾಸನಿ ಹೊಡಿಯಾಕತ್ತದ. ಗುಳಂಬಕ್ಕ ಇವು ನಡಿಯಂಗಿಲ್ಲ. ಬ್ಯಾರೆ ಏನರ ನೋಡಂತ ಹೇಳು."

ನಾನು ನಡೆದೆ. ಅಪ್ಪ ಕೆಲಸ ಮಾಡುತ್ತಿರಲಿಲ್ಲ. ಕೈ ಒರೆಸಿಕೊಂಡು ಬಾಗಿಲಿಗೇ ಮುಖ ಮಾಡಿ ಕೂತಿದ್ದ. ಇಪ್ಪತ್ತು ದಿನ ತಿರುಗಿದ ಅವನ ಮುಖ ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಮಕ್ಕಳ ಮುಖದಂತೆ ಇತ್ತು.

"ಏನಂದ್ಳು?"

"ಒಂದ್ ಹನಿನೂ ಸೋರಲಿಲ್ಲಪ್ಪಾ!"

"ಹೌದು? ಮತ್ತ?"

ಮತ್ತೆ ಏನು ಹೇಳಬೇಕಿತ್ತೋ ಅದು ನನ್ನ ಬಾಯಲ್ಲಿತ್ತು. ನಾನು ನುಂಗಿದೆ.

"ಮತ್ತೇನಿಲ್ಲ. ಛಲೋ ಆಗ್ಯಾವಂತ. ಎಲ್ಲಾ ಹಿಂಗೇ ಮಾಡಂತ."

ಅಪ್ಪ ಗೂಟದಿಂದ ಒಂದು ಟ್ಯೂಬು ಎಳೆದು ಕತ್ತರಿ ಹಿಡಿದ. ಬಾಯಲ್ಲಿ ಏನೋ ಹಾಡು ಗುನುಗಿದ. ನಾನು ತಿರುಗಿ ಬಂದಾಗ ಅವ್ವನೂ ಕೇಳಿದಳು, ಅವನೇನಂದ ಎಂದು. ಒಂದು ಸುಳ್ಳಿಗೆ ಜೊತೆ ಬೇಕಲ್ಲ.

"ಕುದಿಸಿ ವಾಸನಿ ತೆಗೀತಾನಂತವ್ವಾ."

ಅವ್ವ ಯೋಚಿಸಿದಳು. "ಹೋಗ್ತದೇನೋ. ರಬ್ಬರಿನ ವಿಷಯ ಅವರಿಗೇ ಗೊತ್ತು," ಎಂದಳು. ಅಬೋಲಾ ಶುರುವಾದ ಮೇಲೆ ಅವಳು 'ಅವರು' ಎಂದು ಮರ್ಯಾದೆ ಕೊಟ್ಟು ಅಂದದ್ದು ಅದೇ ಮೊದಲು. ಅದನ್ನು ಕೇಳಿ, ನಾನು ಮಾಡಿದ್ದು ಸರಿಯೇ ಎಂದುಕೊಂಡೆ. ಅಪ್ಪ ಕತ್ತರಿಸಿಟ್ಟ ಬಳೆಗಳನ್ನು ಯಾರೂ ಇಲ್ಲದಾಗ ನಳದ ಕೆಳಗೆ ಹಿಡಿದು ಬಟ್ಟೆಯ ಸಾಬೂನು ಹಚ್ಚಿ ತಿಕ್ಕಿದೆ. ವಾಸನೆ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಹುಲಸೂರಿನಿಂದ ಮಾಮಾ ಬಸ್ಸಿನ ಮೇಲೆ ಎರಡು ಚೀಲ ಮಾವಿನಕಾಯಿ ಹೇರಿಕೊಂಡು ಬಂದ. ಅವ್ವ ನಾಲ್ಕು ದಿನ ತುರಿದಳು, ಕುದಿಸಿದಳು. ಅಂಗೈಯ ಚರ್ಮ ಹುಳಿಗೆ ಬಿರಿಯಿತು. ಬಿಸಿಬಿಸಿ ಗುಳಂಬ ಬಾಟ್ಲಿಗೆ ತುಂಬಿದಾಗ ಮನೆಯೆಲ್ಲ ಲವಂಗ, ಬೆಲ್ಲದ ಪರಿಮಳ. ಆ ಪರಿಮಳದಲ್ಲಿ ಬೇರೆ ಯಾವ ವಾಸನೆಯೂ ಯಾರ ಮೂಗಿಗೂ ತಾಗುವಂತಿರಲಿಲ್ಲ. ಮುಚ್ಚಳ ಬಿಗಿಯಲು ಅಪ್ಪನ ಕೈಬಲ ಬೇಕಾಯಿತು. ಅವ್ವ ಒಂದೊಂದು ಬಾಟ್ಲಿ ತುಂಬಿ ಬಟ್ಟೆ ಸುತ್ತಿ ಮುಂದೆ ಸರಿಸುತ್ತಿದ್ದಳು, ಅಪ್ಪ ಬಿಗಿದು ಗೋಡೆಗೆ ಸರಿಸುತ್ತಿದ್ದ. ನಲವತ್ತು ಸಲ. ಒಂದು ಮಾತಿಲ್ಲ. ಆದರೆ ನನ್ನನ್ನು ನಡುವೆ ಕರೆಯಲೂ ಇಲ್ಲ. ಇನ್ನೆರಡು ದಿನದಲ್ಲಿ ಮಾತು ಆಡಿಯೇ ಆಡುತ್ತಾರೆ ಎಂದು ನಾನು ಕುಣಿಯುತ್ತಿದ್ದೆ.

ಹದಿನೈದು ದಿನ ಬಿಟ್ಟು ಅವ್ವ ನಾನು ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಒಣಹುಲ್ಲು ಹಾಸಿ ಬಾಟ್ಲಿ ಜೋಡಿಸಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದೆವು. ಅಪ್ಪ ಪೆಟ್ಟಿಗೆಗಳನ್ನು ಸೀಟಿನ ಕೆಳಗೆ ಸರಿಸಿ, ಕಂಡಕ್ಟರಿಗೆ ಹುಷಾರು ಹೇಳಿ, ಬಸ್ಸು ತಿರುಗುವವರೆಗೂ ನಿಂತಿದ್ದ. ಅವ್ವ ಇಸ್ತ್ರಿ ಮಾಡಿದ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಖಾನಾವಳಿಯಲ್ಲಿ ಊಟದ ಹೊತ್ತು. ಗಂಗಾಬಾಯಿ ನಮ್ಮನ್ನು ಒಳಗೆ ಕರೆದು, ಗಿರಾಕಿಗಳ ಎದುರಿಗೇ, ಹೆಮ್ಮೆಯಿಂದ ಒಂದು ಬಾಟ್ಲಿ ತೆಗೆದರು. ಚಮಚ ಹಾಕಿ ಬಾಯಿಗಿಟ್ಟರು. ಅವರ ಬಾಯಿ ನಡುವೆಯೇ ನಿಂತಿತು. ಎರಡನೆಯ ಬಾಟ್ಲಿ ತೆಗೆದು ಮೂಸಿದರು. ಮೂರನೆಯದನ್ನೂ ತೆಗೆದರು.

"ಅಕ್ಕಾ, ತಪ್ಪ ತಿಳೀಬ್ಯಾಡ್ರಿ," ಎಂದರು ದನಿ ಇಳಿಸಿ. "ಇದರಾಗ ಏನೋ ಸೈಕಲ್ ಅಂಗಡಿ ವಾಸನಿ ಬರಾಕತ್ತದಲ್ರಿ?"

ಊಟ ಮಾಡುತ್ತಿದ್ದ ಒಬ್ಬರು ಫಕ್ಕನೆ ನಕ್ಕರು. ಅವ್ವ ಅದೇ ಚಮಚದಿಂದ ತಾನೂ ಒಂದಿಷ್ಟು ಬಾಯಿಗೆ ಹಾಕಿಕೊಂಡಳು. ನುಂಗಿದಳು. "ತಪ್ಪಾಯ್ತ್ರಿ," ಎಂದಳು. ಬಾಟ್ಲಿಗಳನ್ನು ಒಂದೊಂದಾಗಿ ತಿರುಗಿ ಹುಲ್ಲಿನಲ್ಲಿ ಇಟ್ಟಳು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ರಾಜೇಶ್ವರದ ನಿಲ್ದಾಣ ದಾಟಿದ ಮೇಲೆ ಒಮ್ಮೆಲೇ ಮಾತಾಡಿದಳು, ನನ್ನ ಕಡೆ ನೋಡದೆ.

"ಕುದಿಸ್ತೀನಂದಿದ್ದರು. ಕುದಿಸಲಿಲ್ಲ. ನನ್ನ ಮಾತು ಅಂದ್ರ ಅವರಿಗೆ ಅಷ್ಟೇ. ನಾಳಿ ಹುಲಸೂರಕ್ಕ ಹೋಗೂಣು ಕಲಾ. ನಿನ್ನ ಬಟ್ಟಿನೂ ತಗೋ."

"ಯಾವಾಗ ಬರೂದು?"

ಕಾಲಡಿಯ ಪೆಟ್ಟಿಗೆಯಲ್ಲಿ ಬಾಟ್ಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹುಮನಾಬಾದ ಬರುವವರೆಗೆ ನಾನು ಹತ್ತು ಸಲ ಬಾಯಿ ತೆರೆದೆ, ಹತ್ತು ಸಲ ಮುಚ್ಚಿದೆ. ಸುಳ್ಳನ್ನು ಹತ್ತೊಂಬತ್ತು ಹೆಜ್ಜೆಯಲ್ಲಿ ಹೇಳಿಬಿಟ್ಟಿದ್ದವಳಿಗೆ ನಿಜ ಹೇಳಲು ಅಷ್ಟೂ ದಾರಿ ಸಾಲಲಿಲ್ಲ.

ಅಪ್ಪ ನಿಲ್ದಾಣಕ್ಕೇ ಬಂದಿದ್ದ. ಅವ್ವ ಇಳಿಯುತ್ತಲೇ, ಅಬೋಲಾ ಮರೆತು, ನನ್ನನ್ನು ನೋಡದೆ ನೇರ ಅವಳನ್ನೇ ಕೇಳಿಬಿಟ್ಟ:

"ಏನಂದ್ರು?"

ಒಂದೂವರೆ ತಿಂಗಳ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು. ಅಷ್ಟರಲ್ಲಿ ಕಂಡಕ್ಟರ್ ಪೆಟ್ಟಿಗೆಗಳನ್ನು ಇಳಿಸಿಕೊಟ್ಟ. ಅಪ್ಪ ಅವುಗಳನ್ನು ನೋಡಿದ, ಭಾರ ನೋಡಿದ. ಹೆಗಲ ಮೇಲೆ ಹೊತ್ತು ಮನೆಗೆ ನಡೆದ. ನಡುಕೋಣೆಯಲ್ಲಿ ಇಳಿಸಿದ ಮೇಲೆ ಅವ್ವ ಟ್ರಂಕು ಎಳೆದು ಸೀರೆ ಮಡಚತೊಡಗಿದಳು.

"ಕಲಾ, ನಿಮ್ಮಪ್ಪಗ ಹೇಳು..."

"ನಾ ಹೇಳಂಗಿಲ್ಲ," ಎಂದೆ. ದನಿ ಎಷ್ಟು ಜೋರಾಗಿ ಬಂತೆಂದರೆ ಇಬ್ಬರೂ ತಿರುಗಿದರು. "ಅಪ್ಪಗ ಗೊತ್ತೇ ಇಲ್ಲವ್ವಾ. ವಾಸನಿ ಹೊಡೀತದಂತ ನೀ ಹೇಳಿದ್ದು ನಾ ಹೇಳೇ ಇಲ್ಲ. ಛಲೋ ಆಗ್ಯಾವಂತ ಹೇಳೀನಿ. ಕುದಿಸ್ತೀನಂತ ಅಪ್ಪ ಅಂದೇ ಇಲ್ಲ. ಅದೂ ನಂದೇ."

ಅಪ್ಪ ಒಂದು ಬಾಟ್ಲಿ ತೆಗೆದು ಮೂಸಿದ. ಅದು ಅವನು ದಿನವೂ ಮೂಸುವ ವಾಸನೆ. ಅದಕ್ಕೇ ಬಿಗಿಯುವಾಗ ಅವನ ಮೂಗಿಗೆ ಹತ್ತಿರಲಿಲ್ಲ.

"ವಾಸನಿ ಹೊಡೀತದಂತ ಹೇಳಿ ಕಳಿಸಿದ್ದೇನು?" ಎಂದು ಅವ್ವನನ್ನು ಕೇಳಿದ.

"ಹೇಳಿ ಕಳಿಸಿದ್ದೆ. ನೀವು ಕುದಿಸ್ತೀನಂದಿರಲಿಲ್ಲೇನ್ರಿ?"

"ನನಗೇನ್ ಗೊತ್ತು ಕುದಿಸೂದು? ಎಲ್ಲಾ ಹಿಂಗೇ ಮಾಡಂತ ಅಂದೀದಿ ಅಂತ ಮಾಡ್ದೆ."

ಆಮೇಲೆ ಅವರು ಒಂದೊಂದನ್ನೇ ಕೇಳಿಕೊಳ್ಳತೊಡಗಿದರು. ಅಂಗಿಯ ಮಾತು, ಉಪ್ಪಿನ ಮಾತು. ನಾನು ಜೋಳದ ಚೀಲದ ಹಿಂದೆ ಮುಖ ಮುಚ್ಚಿ ಅಳುತ್ತಿದ್ದೆ.

"ಮತ್ತ ಆ ಬದನಿಕಾಯಿ? ಅದು ನನಗಂತ ಮಾಡಿದ್ದಲ್ಲೇನು?"

"ಎಲ್ಲೀದು! ಅವತ್ತು ಸಂತ್ಯಾಗ ಅವೇ ಸಿಕ್ಕಿದ್ದು."

ಅಪ್ಪ ಕೈಯಲ್ಲಿದ್ದ ಬಾಟ್ಲಿಯನ್ನು ಕೆಳಗಿಟ್ಟು, "ನನಗ ಖರೆ ಅನ್ನಿಸಿತ್ತು," ಎಂದ. ಆ ಮಾತಿಗೆ ಅವ್ವ ಸೀರೆ ಮಡಚುವುದನ್ನು ನಿಲ್ಲಿಸಿ ಮಂಚದ ಮೇಲೆ ಕೂತಳು. ಅಳು ಬಂತು ಅವಳಿಗೆ. ಖಾನಾವಳಿಯಲ್ಲಿ ಬಾರದ ಅಳು.

"ಡಬ್ಬಿ ಒಯ್ಯಬೇಕಾದ್ರ ಒಂದ್ ಮಾತು ಕೇಳಬೇಕಿತ್ತಿಲ್ರಿ? ಹದಿಮೂರು ವರ್ಷ ಒಂದೊಂದು ಕೂಡಿಸಿದ್ದೆ. ನನ್ನದಂತ ಈ ಮನ್ಯಾಗ ಏನದ? ಕೇಳಿದ್ರ ನಾನೇ ಅರ್ಧ ತೆಗೆದುಕೊಡ್ತಿದ್ದೆ. ಬರೇ ಮುಚ್ಚಳ ಅಂದ್ರಿ."

ಅಪ್ಪ ನೆಲ ನೋಡಿದ. "ಅವು ಕೂಡಸಾಕ ಎಷ್ಟು ತಿರುಗಬೇಕಂತ ಈಗ ಗೊತ್ತಾಗ್ಯಾದ," ಎಂದ. ಅದೇ ಅವನಿಗೆ ಬರುತ್ತಿದ್ದ ಕ್ಷಮೆ. ಅವ್ವ ಅದನ್ನು ಒಪ್ಪಿಕೊಂಡಳು ಎಂದು ನನಗೆ ತಿಳಿದದ್ದು, ಅವಳು ಮೂಗು ಒರೆಸಿಕೊಂಡು "ಚಹಾ ಇಡ್ಲೇನು?" ಎಂದಾಗ.

ನನಗೆ ಬೈಗುಳ ಬೀಳಲಿಲ್ಲ. ಅದಕ್ಕೇ ಹೆಚ್ಚು ಹೆದರಿದ್ದೆ. ಅಪ್ಪ ಚೀಲದ ಹಿಂದಿನಿಂದ ನನ್ನನ್ನು ಎಳೆದು ಮುಂದೆ ನಿಲ್ಲಿಸಿಕೊಂಡ. "ಉಪ್ಪು ಕಮ್ಮಿ ಅಂತ ಹೇಳಿ ಕಳಿಸಿದ್ರೂ ಅವ್ವ ಬೈದು ಕಳಿಸಲಿಲ್ಲ, ಅವಾಗೇ ನನಗ ಶಂಕೆ ಬಂದಿತ್ತು," ಎಂದ. "ಸುಮ್ಮನಿದ್ದೆ. ಕೇಳಾಕ ಛಲೋ ಅನ್ನಿಸ್ತಿತ್ತು. ಆದ್ರ ಮಗಳ, ಕೆಲಸದ ಮಾತು ಇದ್ದಂಗೇ ಹೇಳಬೇಕು. ಟ್ಯೂಬಿನ್ಯಾಗ ಎರಡು ತೂತಿದ್ರ ಎರಡಂತ ಹೇಳಬೇಕು. ಗಿರಾಕಿಗೆ ಬ್ಯಾಸರ ಆಗ್ತದಂತ ಒಂದಂದ್ರ, ಅಂವ ನಡು ದಾರ್ಯಾಗ ಬೀಳ್ತಾನ." ಮುಂದೆ ನಾನು ನರ್ಸಾಗಿ ಮೂವತ್ತು ವರ್ಷ ಕೆಲಸ ಮಾಡಿದೆ. ಡಾಕ್ಟರು ಹೇಳಿದ್ದನ್ನು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರಿಗೆ ಒಯ್ದು ಮುಟ್ಟಿಸುವುದೇ ನನ್ನ ದಿನದ ಅರ್ಧ ಕೆಲಸವಾಗಿತ್ತು. ಎದುರಿಗಿದ್ದವರ ಮುಖ ನೋಡಿದಾಗ ನಾಲಿಗೆ ತಾನಾಗಿ ಮೆತ್ತಗಾಗಲು ನೋಡುತ್ತಿತ್ತು. ದನಿ ಮೆತ್ತಗೆ ಮಾಡಿಕೊಂಡಿದ್ದೇನೆ, ಕೈ ಹಿಡಿದುಕೊಂಡಿದ್ದೇನೆ. ಮಾತನ್ನು ಬದಲಿಸಲಿಲ್ಲ.

ಮರುದಿನ ಅವ್ವ ಹುಲಸೂರಿಗೆ ಹೋದದ್ದು ಹೌದು. ಆದರೆ ಅಪ್ಪನ ಜೊತೆ, ಮರದಲ್ಲಿ ಉಳಿದ ಕೊನೆಯ ಕಾಯಿಗಳಿಗೆ. ಮೊದಲಿನ ಗುಳಂಬವನ್ನೆಲ್ಲ ದೊಡ್ಡ ಬರಣಿಗಳಿಗೆ ಸುರಿದು ಬಾಟ್ಲಿ ಖಾಲಿ ಮಾಡಿದರು, ರಬ್ಬರಿನ ಬಳೆ ಕಿತ್ತೆಸೆದರು. ಅದರ ಜಾಗಕ್ಕೆ ಏನು ಹಾಕುವುದು ಎಂದು ಇಬ್ಬರೂ ವಾದ ಮಾಡಿದರು. ಜೋರಾಗಿ, ಓಣಿಗೆಲ್ಲ ಕೇಳುವಂತೆ. ಹಿಂದೆ ತವರಿನಲ್ಲಿ ತನ್ನ ಅವ್ವ ಬರಣಿಯ ಬಾಯಿಗೆ ಮೇಣದ ಬಟ್ಟೆ ಕಟ್ಟುತ್ತಿದ್ದದ್ದು ಅವ್ವನಿಗೆ ನೆನಪಾಯಿತು. ಜೇನುಮೇಣ ಎಲ್ಲಿಂದ ತರುವುದು? ನಮ್ಮ ಅಂಗಡಿಯ ಪಕ್ಕದಲ್ಲೇ, ಬೇವಿನ ಗಿಡದ ಕೆಳಗೆ ಚಪ್ಪಲಿ ಹೊಲಿಯುವ ಮಾರುತಿ ಕಾಕಾ ಕೂರುತ್ತಿದ್ದ. ದಾರಕ್ಕೆ ಮೇಣ ಹಚ್ಚಿಯೇ ಹೊಲಿಯುವುದು. ಅಪ್ಪ ಅವ್ವ ಇಬ್ಬರೂ ಹೋಗಿ ಕೇಳಿದಾಗ ಅವನು ಪೆಟ್ಟಿಗೆಯ ತಳದಿಂದ ಹೊಸ ಉಂಡೆಯನ್ನೇ ತೆಗೆದುಕೊಟ್ಟ.

"ಇದಿನ್ನೂ ಯಾವ ದಾರಕ್ಕೂ ಹಚ್ಚಿಲ್ಲ. ಆದ್ರ ಅಕ್ಕಾ, ನನ್ನ ಕಡೀದು ಅಂತ ಕಲ್ಯಾಣದಾಗ ಹೇಳಬ್ಯಾಡ್ರಿ. ಸುಮ್ಮನ ನಿಮ್ಮ ಮಾಲು ಹಿಂದಕ್ಕ ಬರ್ತದ."

"ಕೇಳಿದ್ರ ಹೇಳ್ತೀವಿ," ಎಂದಳು ಅವ್ವ.

ಮೇಣ ಕರಗಿಸಿ, ದಪ್ಪ ಮಾಂಜರಪಾಟಿನ ಬಟ್ಟೆಯ ದುಂಡು ತುಂಡುಗಳನ್ನು ಅದ್ದಿ, ಆರಿದ ಗುಳಂಬದ ಬಾಟ್ಲಿಗಳ ಬಾಯಿಗೆ ಹಾಕಿ ಅದೇ ಮುಚ್ಚಳ ಬಿಗಿದರು. ಈ ಸಲ ಎಂಟು ದಿನ ಬಿಟ್ಟು ಒಂದನ್ನು ತೆಗೆದು ಮೂವರೂ ತಿಂದು ನೋಡಿಯೇ ಒಯ್ದದ್ದು. ಖಾನಾವಳಿಯಲ್ಲಿ ಗಂಗಾಬಾಯಿ ಮೂಸಿದರು, ತಿಂದರು, ಕಣ್ಣು ಮುಚ್ಚಿದರು. ಮುಚ್ಚಳ ತಿರುಗಿಸಿ ಒಳಗಿನ ಬಟ್ಟೆ ಮುಟ್ಟಿ ಕೇಳಿದರು:

"ಇದೇನು ಹಚ್ಚೀರಿ? ಮೇಣೇನು? ಎಲ್ಲಿ ಸಿಕ್ಕಿತು ನಿಮಗ?"

ಅವ್ವ ನನ್ನ ಕಡೆ ನೋಡಿದಳು. ತಾನೇ ಹೇಳಬಹುದಿತ್ತು. ಹೇಳದೆ ನನಗೆ ಬಿಟ್ಟಳು. ಊಟಕ್ಕೆ ಕೂತವರು ಬಹಳ ಮಂದಿಯಿದ್ದರು.

"ಮಾರುತಿ ಕಾಕಾ ಕೊಟ್ಟಿದ್ದು. ನಮ್ಮ ಅಂಗಡಿ ಬಾಜೂಕ ಚಪ್ಪಲಿ ಹೊಲೀತಾನ."

ಗಂಗಾಬಾಯಿಯ ಬೆರಳು ಬಟ್ಟೆಯ ಮೇಲೆ ನಿಂತಿತು. ಊಟದ ಸಾಲನ್ನು ಒಮ್ಮೆ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಮುಚ್ಚಳವನ್ನು ಬಾಟ್ಲಿಗೆ ಇಟ್ಟು, ಬಿಗಿದು, ಬೋರಲು ಮಾಡಿ ಅಲ್ಲಾಡಿಸಿದರು.

"ಗಟ್ಟಿ ಅದ," ಎಂದರು. "ಮುಂದಿನ ಸಲಾನೂ ಅಂವನ ಕಡೆನೇ ತಗೋರಿ."

ಆಮೇಲೆ ಎಷ್ಟೋ ಬೇಸಿಗೆ ನಮ್ಮ ಬಾಟ್ಲಿಗಳು ಅಲ್ಲಿಗೆ ಹೋದವು. ಖಾಲಿಯಾದವು ಮುಚ್ಚಳದ ಸಮೇತ ತಿರುಗಿ ಬರಬೇಕೆಂದು ಅವ್ವ ಕರಾರು ಮಾಡಿದ್ದಳು. ನಿರ್ಣಾ, ದುಬಲಗುಂಡಿಯ ಹೆಂಗಸರು ಬಸ್ಸಿಳಿದು ಸೆರಗಿನ ಗಂಟು ಬಿಚ್ಚಿ, "ಇದಕ್ಕಿಷ್ಟು ಮೇಣ ಹಚ್ಚಿಕೊಡ್ರಿ" ಎಂದು ಅಪ್ಪನ ಮುಂದೆ ಮುಚ್ಚಳ ಇಡುತ್ತಿದ್ದರು. ಅಪ್ಪ ಪಂಕ್ಚರ್ ಬಿಟ್ಟು ಅದನ್ನು ಮಾಡಿಕೊಡುತ್ತಿದ್ದ.

ಮೊದಲ ಸಲದ ಆ ಗುಳಂಬ ಎರಡು ಬರಣಿಗಳ ತುಂಬ ಮನೆಯಲ್ಲೇ ಉಳಿಯಿತು. ಅವ್ವ ಇನ್ನೊಮ್ಮೆ ಕುದಿಸಿದಳು, ಲವಂಗ ಹೆಚ್ಚು ಹಾಕಿದಳು. ವಾಸನೆ ಕಡಿಮೆಯಾಯಿತು, ಹೋಗಲಿಲ್ಲ. ಅಷ್ಟು ಬೆಲ್ಲ, ಅಷ್ಟು ದಿನದ ಕೈಕಸುವು, ಚೆಲ್ಲಲು ಯಾರಿಗೂ ಮನಸ್ಸು ಬರಲಿಲ್ಲ. ಇಡೀ ಮಳೆಗಾಲ, ಚಳಿಗಾಲ ನಾವು ಮೂವರೂ ಅದನ್ನೇ ತಿಂದೆವು. ಒಂದು ಮುಂಜಾನೆ ಇನ್ನೂ ನೆನಪಿದೆ. ಮೂವರೂ ಒಲೆಯ ಮುಂದೆ ಕೂತಿದ್ದೆವು. ಅವ್ವ ಬಿಸಿ ರೊಟ್ಟಿಯ ಮೇಲೆ ಒಂದು ಚಮಚ ಗುಳಂಬ ಹಾಕಿ ಅಪ್ಪನ ತಾಟಿಗೆ ಸರಿಸಿದಳು. ಅವನು ಒಂದು ತುತ್ತು ತಿಂದ.

"ಹ್ಯಾಂಗದ್ರಿ?" ಎಂದಳು, ಅವನ ಮುಖವನ್ನೇ ನೋಡುತ್ತ.

ಅಪ್ಪ ಅಗಿದು ನುಂಗಿದ.

"ವಾಸನಿ ಹೊಡೀತದ," ಎಂದ. "ಇನ್ನೊಂದೀಟು ಹಾಕು."